ಬೇರೆಯವರ ಸೂರಿನಡಿ: ಫೋರ್ಟ್ ಸ್ಕಾಟ್‌ನಲ್ಲಿ ಆಸ್ಪತ್ರೆ ಮುಚ್ಚಿದ ಮೇಲೆ ಕ್ಯಾನ್ಸರ್ ಚಿಕಿತ್ಸೆಗೆ ಏನಾಯಿತು

ಅಮೆರಿಕದ ಕಾನ್ಸಾಸ್ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಮಿಸೌರಿ ಗಡಿಗೆ ಅಂಟಿಕೊಂಡಂತಿರುವ ಫೋರ್ಟ್ ಸ್ಕಾಟ್ ಒಂದು ಸಣ್ಣ ಊರು. 1842ರಲ್ಲಿ ಸೈನ್ಯದ ಕೋಟೆಯಾಗಿ ಹುಟ್ಟಿ, ಅಂತರ್ಯುದ್ಧದ ಕಾಲದಲ್ಲಿ ಉತ್ತರದ ಪಡೆಗಳ ಸರಬರಾಜು ಕೇಂದ್ರವಾಗಿದ್ದ ಈ ಊರಿನಲ್ಲಿ 2020ರ ಜನಗಣತಿಯ ಹೊತ್ತಿಗೆ ಸುಮಾರು 7,500 ಜನರಿದ್ದರು. ಇದು ಬರ್ಬನ್ ಕೌಂಟಿಯ ಆಡಳಿತ ಕೇಂದ್ರ. ಅತ್ಯಂತ ಹತ್ತಿರದ ಮಹಾನಗರವಾದ ಕಾನ್ಸಾಸ್ ಸಿಟಿ ಇಲ್ಲಿಂದ ಉತ್ತರಕ್ಕೆ ಸುಮಾರು 145 ಕಿಲೋಮೀಟರ್ ದೂರದಲ್ಲಿದೆ. ಊರಿನ ಸುತ್ತ ಹುಲ್ಲುಗಾವಲು, ಜಾನುವಾರು ಸಾಕಣೆ ಮತ್ತು ಒಂದರಿಂದ ಇನ್ನೊಂದು ದೂರದೂರಕ್ಕಿರುವ ತೋಟದ ಮನೆಗಳಿವೆ.

ಈ ಊರಿನಲ್ಲಿ 1886ರಲ್ಲಿ 'ಸಿಸ್ಟರ್ಸ್ ಆಫ್ ಮರ್ಸಿ' ಎಂಬ ಕ್ರೈಸ್ತ ಸನ್ಯಾಸಿನಿಯರ ಪಂಗಡ ಹತ್ತು ಹಾಸಿಗೆಗಳ ಆಸ್ಪತ್ರೆಯೊಂದನ್ನು ತೆರೆಯಿತು. ಕಾಲಕ್ರಮದಲ್ಲಿ ಅದು ಮಿಸೌರಿಯ ಸೇಂಟ್ ಲೂಯಿ ಪ್ರದೇಶದಲ್ಲಿ ಕೇಂದ್ರ ಕಚೇರಿಯಿರುವ 'ಮರ್ಸಿ' ಎಂಬ ದೊಡ್ಡ ಆಸ್ಪತ್ರೆ ಸಮೂಹದ ಭಾಗವಾಯಿತು. 132 ವರ್ಷ ನಡೆದ ಆ ಆಸ್ಪತ್ರೆಯನ್ನು ಮುಚ್ಚುವುದಾಗಿ 2018ರ ಅಕ್ಟೋಬರಿನಲ್ಲಿ ಪ್ರಕಟಿಸಲಾಯಿತು. ಮೂರೇ ತಿಂಗಳಲ್ಲಿ, ಅಂದರೆ 2018ರ ಡಿಸೆಂಬರ್ 31ರಂದು, ಬಾಗಿಲು ಮುಚ್ಚಿತು. ಪ್ರಕಟಣೆಯ ತಿಂಗಳಿನಿಂದ 2023ರ ಡಿಸೆಂಬರಿನವರೆಗಿನ ಐದು ವರ್ಷಗಳಲ್ಲಿ ಊರಿನ ಕ್ಯಾನ್ಸರ್ ರೋಗಿಗಳ ಪಾಲಿಗೆ ಏನು ಉಳಿಯಿತು, ಏನು ಹೋಯಿತು, ಹೋದದ್ದು ಏಕೆ ಮರಳಲಿಲ್ಲ ಎಂಬುದನ್ನು ಈ ಅಧ್ಯಯನ ಪರಿಶೀಲಿಸುತ್ತದೆ.

ಈ ಊರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅಮೆರಿಕದಲ್ಲಿ 2010ರಿಂದೀಚೆಗೆ ನೂರಕ್ಕೂ ಹೆಚ್ಚು ಗ್ರಾಮೀಣ ಆಸ್ಪತ್ರೆಗಳು ಮುಚ್ಚಿವೆ. ಅವುಗಳಲ್ಲಿ ಅನೇಕ ಊರುಗಳಿಗೆ ಬದಲಿ ವ್ಯವಸ್ಥೆಯೇ ಬರಲಿಲ್ಲ. ಫೋರ್ಟ್ ಸ್ಕಾಟ್ ಹಾಗಲ್ಲ. ಅಲ್ಲಿ ತುರ್ತು ಚಿಕಿತ್ಸೆಯೂ ದಿನನಿತ್ಯದ ಹೊರರೋಗಿ ಸೇವೆಯೂ ಕೆಲವೇ ವಾರಗಳಲ್ಲಿ ಬೇರೆ ಸಂಸ್ಥೆಗಳ ಕೈಯಲ್ಲಿ ಮತ್ತೆ ಆರಂಭವಾದವು. ಅಷ್ಟೆಲ್ಲ ಅದೃಷ್ಟವಿದ್ದ ಊರಿನಲ್ಲಿಯೂ ಕ್ಯಾನ್ಸರ್ ಚಿಕಿತ್ಸೆ ಮಾತ್ರ ಮರಳಲಿಲ್ಲ. ಎಲ್ಲವೂ ಕಳೆದುಹೋದ ಊರಿನಲ್ಲಿ ಕಾರಣಗಳನ್ನು ಬಿಡಿಸಿ ನೋಡುವುದು ಕಷ್ಟ. ಮಿಕ್ಕದ್ದೆಲ್ಲ ಬಂದು ಇದೊಂದೇ ಬಾರದ ಊರಿನಲ್ಲಿ ಅದು ಸುಲಭ.

ಆಸ್ಪತ್ರೆ ಸೋತ ಬಗೆ

ಆಸ್ಪತ್ರೆ ಏಕೆ ಮುಚ್ಚಿತು ಎಂಬುದು ಈ ಅಧ್ಯಯನದ ಮುಖ್ಯ ವಿಷಯವಲ್ಲವಾದ್ದರಿಂದ ಅದನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ವಾರ್ಡುಗಳಲ್ಲಿ ದಾಖಲಾಗುವ ರೋಗಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು; ವಿಮೆಯ ಬಲವಿದ್ದವರು ಶಸ್ತ್ರಚಿಕಿತ್ಸೆಗೆ ದೊಡ್ಡ ಊರುಗಳಿಗೆ ಹೋಗುತ್ತಿದ್ದರು. ಉಳಿದವರಲ್ಲಿ ಹೆಚ್ಚಿನವರು ವೃದ್ಧರಿಗಾಗಿ ಇರುವ ಮೆಡಿಕೇರ್ ಅಥವಾ ಬಡವರಿಗಾಗಿ ಇರುವ ಮೆಡಿಕೈಡ್ ಯೋಜನೆಯವರು, ಇಲ್ಲವೇ ವಿಮೆಯೇ ಇಲ್ಲದವರು. ಮೆಡಿಕೇರ್ ಆಸ್ಪತ್ರೆಗಳಿಗೆ ಕೊಡುವ ಹಣದಲ್ಲಿ 2013ರ ಏಪ್ರಿಲಿನಿಂದ ಶೇಕಡಾ 2ರಷ್ಟು ಕಡಿತ ಜಾರಿಯಲ್ಲಿತ್ತು. ಮೆಡಿಕೈಡ್ ಯೋಜನೆಯನ್ನು ಕಡಿಮೆ ಆದಾಯದ ಎಲ್ಲ ವಯಸ್ಕರಿಗೂ ವಿಸ್ತರಿಸಲು ಒಬಾಮ ಕಾಲದ ಕಾನೂನು ಅವಕಾಶ ಕೊಟ್ಟಿದ್ದರೂ ಕಾನ್ಸಾಸ್ ಅದನ್ನು ಒಪ್ಪಿಕೊಳ್ಳಲಿಲ್ಲ. 2017ರಲ್ಲಿ ರಾಜ್ಯದ ಎರಡೂ ಸದನಗಳು ವಿಸ್ತರಣೆಯ ಮಸೂದೆಗೆ ಅಂಗೀಕಾರ ಕೊಟ್ಟವು. ರಾಜ್ಯಪಾಲ ಸ್ಯಾಮ್ ಬ್ರೌನ್‌ಬ್ಯಾಕ್ ಅದನ್ನು ತಡೆಹಿಡಿದರು. ಆ ತಡೆಯನ್ನು ಮೀರಲು ಬೇಕಿದ್ದ 84 ಮತಗಳಿಗೆ ಕೆಳಮನೆಯಲ್ಲಿ ಮೂರು ಮತಗಳು ಕಡಿಮೆ ಬಿದ್ದವು. (ಅಲ್ಲಿನ ರಾಜ್ಯಪಾಲರು ಜನರಿಂದ ಆಯ್ಕೆಯಾದವರು, ಸರ್ಕಾರವನ್ನು ನಡೆಸುವವರೇ ಅವರು ಎಂಬುದನ್ನು ನಮ್ಮ ಓದುಗರಿಗೆ ನೆನಪಿಸಬೇಕು.)

ಮುನ್ಸೂಚನೆ ಇರಲಿಲ್ಲವೆಂದೇನೂ ಅಲ್ಲ. ಇದೇ ಮರ್ಸಿ ಸಮೂಹ ಆಗ್ನೇಯ ಕಾನ್ಸಾಸಿನ ಇಂಡಿಪೆಂಡೆನ್ಸ್ ಎಂಬ ಊರಿನ ತನ್ನ ಆಸ್ಪತ್ರೆಯನ್ನು 2015ರಲ್ಲಿಯೇ ಮುಚ್ಚಿತ್ತು.

ಕ್ಯಾನ್ಸರ್ ವಿಭಾಗ ನಿಂತಿದ್ದ ನೆಲ

ಫೋರ್ಟ್ ಸ್ಕಾಟ್‌ನಲ್ಲಿದ್ದ ಕ್ಯಾನ್ಸರ್ ಚಿಕಿತ್ಸಾಲಯ ಮರ್ಸಿ ಆಸ್ಪತ್ರೆಯ ಕಟ್ಟಡದಲ್ಲಿ ನಡೆಯುತ್ತಿತ್ತು. ಆದರೆ ಅದರ ವೈದ್ಯರು ಮರ್ಸಿಯವರಲ್ಲ. ಅದನ್ನು ನಡೆಸುತ್ತಿದ್ದುದು ಸುಮಾರು 240 ಕಿಲೋಮೀಟರ್ ದೂರದ ವಿಚಿಟಾ ನಗರದಲ್ಲಿ ಮೂಲ ನೆಲೆಯಿದ್ದ 'ಕ್ಯಾನ್ಸರ್ ಸೆಂಟರ್ ಆಫ್ ಕಾನ್ಸಾಸ್' ಎಂಬ ವೈದ್ಯರ ಖಾಸಗಿ ಸಂಸ್ಥೆ. ರಾಜ್ಯದ ಹಲವು ಸಣ್ಣ ಊರುಗಳಲ್ಲಿ ಈ ಸಂಸ್ಥೆ ಶಾಖಾ ಚಿಕಿತ್ಸಾಲಯಗಳನ್ನು ಇಟ್ಟುಕೊಂಡಿತ್ತು. ಇಂಥ ಏರ್ಪಾಟಿನಲ್ಲಿ ತಜ್ಞರು ಗೊತ್ತುಪಡಿಸಿದ ದಿನಗಳಲ್ಲಿ ಬಂದು ರೋಗಿಗಳನ್ನು ನೋಡಿ ಹೋಗುತ್ತಾರೆ. ಚಿಕಿತ್ಸೆಯ ಉಳಿದ ದಿನಗಳು ಸ್ಥಳೀಯ ದಾದಿಯರ ಕೈಯಲ್ಲಿ ಸಾಗುತ್ತವೆ. ನಮ್ಮಲ್ಲಿ ದೊಡ್ಡ ಊರಿನ ತಜ್ಞರು ವಾರಕ್ಕೊಮ್ಮೆ ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಮಿಗೆ ಬಂದು ಹೋಗುವ ಪದ್ಧತಿಯನ್ನು ಕಂಡವರಿಗೆ ಇದು ಅಪರಿಚಿತವೇನಲ್ಲ.

ಗ್ರಾಮೀಣ ಅಮೆರಿಕದಲ್ಲಿ ಈ ಪದ್ಧತಿ ಅನಿವಾರ್ಯವಾದುದಕ್ಕೆ ಸರಳ ಲೆಕ್ಕವಿದೆ. ದೇಶದ ಜನಸಂಖ್ಯೆಯ ಶೇಕಡಾ 19ರಷ್ಟು ಮಂದಿ ಗ್ರಾಮೀಣ ಪ್ರದೇಶದಲ್ಲಿದ್ದರೂ ಕ್ಯಾನ್ಸರ್ ತಜ್ಞರಲ್ಲಿ ಅಲ್ಲಿ ವೃತ್ತಿ ಮಾಡುವವರು ಶೇಕಡಾ 7ರಷ್ಟು ಮಾತ್ರ ಎಂದು ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘವೇ ಹೇಳಿದೆ. ಏಳೆಂಟು ಸಾವಿರ ಜನರ ಊರೊಂದು ತನ್ನದೇ ತಜ್ಞರನ್ನು ಸಾಕಲಾರದು. ಹಾಗಾಗಿ ತಜ್ಞರು ಬರುತ್ತಾರೆ, ಹೋಗುತ್ತಾರೆ. ಅವರು ಬಂದಾಗ ಕೂರಲು ಒಂದು ಸೂರು ಬೇಕು. ಆ ಸೂರು ಆಸ್ಪತ್ರೆಯದು.

ಆದರೆ ಸೂರು ಎಂದಾಗ ಕೇವಲ ಒಂದು ಕೋಣೆಯನ್ನು ಕಲ್ಪಿಸಿಕೊಂಡರೆ ಈ ಪ್ರಕರಣವೇ ಅರ್ಥವಾಗುವುದಿಲ್ಲ. ಕೀಮೋಥೆರಪಿಯ ಒಂದು ದಿನವನ್ನು ಹಂತಹಂತವಾಗಿ ನೋಡೋಣ. ರೋಗಿ ಬಂದ ಕೂಡಲೇ ರಕ್ತ ತೆಗೆದು ಬಿಳಿ ರಕ್ತಕಣಗಳು, ಪ್ಲೇಟ್‌ಲೆಟ್‌ಗಳು, ಮೂತ್ರಪಿಂಡ ಮತ್ತು ಯಕೃತ್ತಿನ ಸ್ಥಿತಿ ಇವುಗಳನ್ನು ಪರೀಕ್ಷಿಸಬೇಕು. ಕಣಗಳ ಸಂಖ್ಯೆ ತೀರ ಇಳಿದಿದ್ದರೆ ಅಂದಿನ ಔಷಧವನ್ನು ಮುಂದೂಡಬೇಕು ಅಥವಾ ಪ್ರಮಾಣವನ್ನು ತಗ್ಗಿಸಬೇಕು. ಇದಕ್ಕೆ ಅರ್ಧ ಗಂಟೆಯಲ್ಲಿ ಉತ್ತರ ಕೊಡುವ ಪ್ರಯೋಗಾಲಯ ಹತ್ತಿರವಿರಬೇಕು. ಆಮೇಲೆ ಔಷಧವನ್ನು ರೋಗಿಯ ದೇಹದ ಅಳತೆಗೆ ತಕ್ಕಂತೆ ಮಿಶ್ರಣ ಮಾಡಬೇಕು. ಈ ಔಷಧಗಳು ಮುಟ್ಟಿದವರಿಗೂ ಉಸಿರಾಡಿದವರಿಗೂ ಅಪಾಯಕಾರಿಯಾದ್ದರಿಂದ ಗಾಳಿಯ ಚಲನೆಯನ್ನು ನಿಯಂತ್ರಿಸುವ ವಿಶೇಷ ಪೆಟ್ಟಿಗೆ, ಪ್ರತ್ಯೇಕ ಕೋಣೆ ಮತ್ತು ತರಬೇತಾದ ಔಷಧ ತಜ್ಞರು ಬೇಕು. ಡ್ರಿಪ್ ಹಾಕುವಾಗ ಅಲರ್ಜಿಯಿಂದ ರಕ್ತದೊತ್ತಡ ಕುಸಿದರೆ ಓಡಿ ಬರಲು ವೈದ್ಯರು ಬೇಕು. ಮರುದಿನ ಬಿಳಿ ರಕ್ತಕಣಗಳನ್ನು ಹೆಚ್ಚಿಸುವ ಚುಚ್ಚುಮದ್ದು ಕೊಡಬೇಕಾಗಬಹುದು. ಅದನ್ನು ಕೀಮೋ ಮುಗಿದು 24 ಗಂಟೆ ಕಳೆಯುವ ಮುನ್ನ ಕೊಡುವಂತಿಲ್ಲ. ರಕ್ತ ಕಡಿಮೆಯಾದರೆ ರಕ್ತ ಕೊಡಬೇಕು. ರಕ್ತನಾಳಕ್ಕೆ ಔಷಧ ಸೇರಿಸಲು ಎದೆಯ ಚರ್ಮದಡಿ ಕೂರಿಸಿದ 'ಪೋರ್ಟ್' ಎಂಬ ಸಣ್ಣ ಸಾಧನ ಕಟ್ಟಿಕೊಳ್ಳದಂತೆ ಆಗಾಗ ತೊಳೆಯಬೇಕು. ಈ ಪಟ್ಟಿಯಲ್ಲಿ ಕ್ಯಾನ್ಸರ್ ತಜ್ಞರೇ ಖುದ್ದಾಗಿ ಮಾಡುವ ಕೆಲಸ ಎಷ್ಟು ಕಡಿಮೆ ಎಂಬುದನ್ನು ಗಮನಿಸಬೇಕು. ಮಿಕ್ಕದ್ದನ್ನೆಲ್ಲ ಆ ಊರಿನ ಆಸ್ಪತ್ರೆ ಸದ್ದಿಲ್ಲದೆ ಒದಗಿಸುತ್ತಿತ್ತು. ಅದು ಒದಗಿಸುತ್ತಿದೆ ಎಂಬುದು ಕ್ಯಾನ್ಸರ್ ಚಿಕಿತ್ಸೆಯ ಲೆಕ್ಕದಲ್ಲಿ ಎಲ್ಲಿಯೂ ಕಾಣುತ್ತಿರಲಿಲ್ಲ.

2019ರ ಜನವರಿ

ಆಸ್ಪತ್ರೆ ಮುಚ್ಚಿದ ಸುದ್ದಿ ಬಂದಾಗ ಊರಿನಲ್ಲಿ ನಡೆದ ಚರ್ಚೆ ಹೆಚ್ಚಾಗಿ ತುರ್ತು ಚಿಕಿತ್ಸಾ ವಿಭಾಗದ ಸುತ್ತಲೇ ಇತ್ತು. ಅದು ಸಹಜ, ಹೃದಯಾಘಾತವಾಗಲಿ ಟ್ರ್ಯಾಕ್ಟರ್ ಮಗುಚಿ ಬಿದ್ದ ಅಪಘಾತವಾಗಲಿ ಯಾರ ಮನೆಗೂ ಬರಬಹುದಾದ ಭಯ. ಡಿಸೆಂಬರ್ 31ರಂದು ಮುಚ್ಚಿದ ತುರ್ತು ವಿಭಾಗ 18 ದಿನಗಳ ಕಾಲ ಇಲ್ಲವಾಗಿ, ಜನವರಿ ಮಧ್ಯದ ನಂತರ ದಕ್ಷಿಣದ ಪಿಟ್ಸ್‌ಬರ್ಗ್ ಊರಿನ ಅಸೆನ್ಷನ್ ವಿಯಾ ಕ್ರಿಸ್ಟಿ ಆಸ್ಪತ್ರೆಯ ಶಾಖೆಯಾಗಿ ಅದೇ ಕಟ್ಟಡದಲ್ಲಿ ಮತ್ತೆ ತೆರೆಯಿತು. (ಇದು ಕಾನ್ಸಾಸಿನ ಪಿಟ್ಸ್‌ಬರ್ಗ್, ಪೆನ್ಸಿಲ್ವೇನಿಯದ ಉಕ್ಕಿನ ನಗರವಲ್ಲ.) ಫೆಬ್ರವರಿಯಲ್ಲಿ ಮರ್ಸಿಯ ಹೊರರೋಗಿ ಕ್ಲಿನಿಕ್ಕುಗಳನ್ನು ಕ್ರಿಸ್ಟಾ ಪೋಸ್ಟೈ ಅವರ ನೇತೃತ್ವದ, ಪಿಟ್ಸ್‌ಬರ್ಗ್ ಮೂಲದ 'ಕಮ್ಯುನಿಟಿ ಹೆಲ್ತ್ ಸೆಂಟರ್ ಆಫ್ ಸೌತ್‌ಈಸ್ಟ್ ಕಾನ್ಸಾಸ್' ವಹಿಸಿಕೊಂಡಿತು. ಇದು ಕೇಂದ್ರ ಸರ್ಕಾರದ ನೆರವು ಪಡೆಯುವ, ಆದಾಯಕ್ಕೆ ತಕ್ಕಂತೆ ಶುಲ್ಕ ತೆಗೆದುಕೊಳ್ಳುವ ಸಮುದಾಯ ಆರೋಗ್ಯ ಕೇಂದ್ರ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಕ್ಕಳ ಕೆಮ್ಮು ಜ್ವರ ಇವುಗಳಿಗೆ ಬೇಕಿದ್ದುದು ಇಂಥ ಕೇಂದ್ರವೇ ಹೊರತು ಖಾಲಿ ಹಾಸಿಗೆಗಳ ದೊಡ್ಡ ಆಸ್ಪತ್ರೆಯಲ್ಲ ಎಂಬ ವಾದದಲ್ಲಿ ನಿಜಾಂಶವಿದೆಯೆಂದೇ ನನ್ನ ಅಭಿಪ್ರಾಯ.

ಈ ಎರಡು ಘಟನೆಗಳ ನಡುವೆ, ಅದೇ ಜನವರಿಯಲ್ಲಿ, ಕ್ಯಾನ್ಸರ್ ಚಿಕಿತ್ಸಾಲಯ ಮುಚ್ಚಿತು. ಚಿಕಿತ್ಸೆಯ ನಡುವಿನಲ್ಲಿದ್ದವರಿಗೆ ಅದೇ ಸಂಸ್ಥೆಯ ಇನ್ನೊಂದು ಶಾಖೆಯಿದ್ದ ಶನೂಟ್ ಎಂಬ ಊರು ಗೊತ್ತಾಯಿತು. ಅದು ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರ್.

ಎಂಬತ್ತು ಕಿಲೋಮೀಟರ್ ಎಂದಾಗ ನಮ್ಮ ಓದುಗರು ಹುಬ್ಬೇರಿಸದಿರಬಹುದು. ಕಲ್ಯಾಣ ಕರ್ನಾಟಕದ ಹಳ್ಳಿಯಿಂದಲೋ ಮಲೆನಾಡಿನ ಮೂಲೆಯಿಂದಲೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ಬೆಳಗ್ಗೆ ಸಾಲಿನಲ್ಲಿ ನಿಂತವರನ್ನು ಬಲ್ಲವರಿಗೆ ಇದು ಸಣ್ಣ ದೂರವೆಂದೇ ತೋರೀತು. ಆದರೆ ದೂರವನ್ನು ಅಳೆಯಬೇಕಾದದ್ದು ಅದನ್ನು ದಾಟುವ ಸಾಧನದಿಂದ. ಆಗ್ನೇಯ ಕಾನ್ಸಾಸಿನ ತೋಟದ ಮನೆಗಳ ಮುಂದೆ ಬಸ್ಸು ಬರುವುದಿಲ್ಲ. ರೋಗಿ ತಾನೇ ಕಾರು ಓಡಿಸಬೇಕು, ಇಲ್ಲವೇ ಓಡಿಸುವವರು ಕೆಲಸ ಬಿಟ್ಟು ಬರಬೇಕು. ಮೆಡಿಕೇರ್ ಯೋಜನೆ ಸಾಮಾನ್ಯ ಪ್ರಯಾಣದ ವೆಚ್ಚವನ್ನು ಕೊಡುವುದಿಲ್ಲ. ಮೆಡಿಕೈಡ್ ಕೊಡುತ್ತದೆ, ಆದರೆ ಅದರ ವ್ಯಾಪ್ತಿಗೆ ಬರುವವರು ಕಾನ್ಸಾಸಿನಲ್ಲಿ ಕಡಿಮೆ. ಸ್ವಯಂಸೇವಕರು ತಮ್ಮ ಕಾರಿನಲ್ಲಿ ರೋಗಿಗಳನ್ನು ಕರೆದೊಯ್ಯುವ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಕಾರ್ಯಕ್ರಮವೊಂದಿದ್ದರೂ ಅದು ನಡೆಯುವುದು ಸ್ವಯಂಸೇವಕರು ಇರುವಲ್ಲಿ ಮಾತ್ರ. 2020ರಲ್ಲಿ ಕೋವಿಡ್ ಬಂದಾಗ ಅದೂ ನಿಂತಿತು.

2019ರ ಪತ್ರಿಕಾ ವರದಿಗಳಲ್ಲಿ ದಾಖಲಾದ ಒಬ್ಬ ರೋಗಿಯ ಸ್ಥಿತಿ ಈ ಲೆಕ್ಕವನ್ನು ಸ್ಪಷ್ಟಗೊಳಿಸುತ್ತದೆ. ಅಸ್ಥಿಮಜ್ಜೆಯ ಕ್ಯಾನ್ಸರಿನಿಂದ ಬಳಲುತ್ತಿದ್ದ ಆ ಮಹಿಳೆಗೆ ವಾರಕ್ಕೊಮ್ಮೆ ಕೀಮೋ ಚುಚ್ಚುಮದ್ದು ಬೇಕಿತ್ತು. ಮೂಳೆಯ ನೋವಿಗೆ ಮಾರ್ಫಿನ್ ತೆಗೆದುಕೊಳ್ಳುತ್ತಿದ್ದ ಅವರು, ಅದನ್ನು ನುಂಗಿ ಕಾರು ಓಡಿಸುವುದು ಸರಿಯಲ್ಲವೆಂದು, ಶನೂಟ್‌ಗೆ ಹೋಗುವ ದಿನ ಮಾರ್ಫಿನ್ ಬಿಟ್ಟು, ನೋವನ್ನು ಸಹಿಸಿಕೊಂಡು ಒಂದು ಗಂಟೆ ಕಾರು ಓಡಿಸಿದರು. ಚರ್ಮದಡಿಗೆ ಕೊಡುವ ಚುಚ್ಚುಮದ್ದಿಗೆ ಹಿಡಿಯುವುದು ಕೆಲವೇ ಕ್ಷಣ. ಅದಕ್ಕಾಗಿ ಹೋಗಿ ಬರಲು 160 ಕಿಲೋಮೀಟರ್. ವಾರಕ್ಕೊಮ್ಮೆಯಂತೆ ವರ್ಷಕ್ಕೆ ಲೆಕ್ಕ ಹಾಕಿದರೆ 8,300 ಕಿಲೋಮೀಟರ್ ದಾಟುತ್ತದೆ. ಮಂತ್ರಕ್ಕಿಂತ ಉಗುಳೇ ಹೆಚ್ಚು ಎಂಬ ಮಾತನ್ನು ನಾವು ಸಾಮಾನ್ಯವಾಗಿ ಹಾಸ್ಯಕ್ಕೆ ಬಳಸುತ್ತೇವೆ. ಇಲ್ಲಿ ಅದು ನೋವಿನ ಲೆಕ್ಕ.

ಇದು ಒಬ್ಬರ ಕಥೆ ಮಾತ್ರವಲ್ಲ. ಮೇಲೆ ಹೇಳಿದ ತಜ್ಞರ ಸಂಘವು 2018ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಗ್ರಾಮೀಣ ರೋಗಿಗಳು ಕ್ಯಾನ್ಸರ್ ವೈದ್ಯರನ್ನು ಕಾಣಲು ಒಂದು ಬದಿಗೆ ಸಾಮಾನ್ಯವಾಗಿ 50 ನಿಮಿಷ ಪ್ರಯಾಣ ಮಾಡುತ್ತಾರೆ. ಉಳಿದವರಿಗೆ ಅದು 30 ನಿಮಿಷ. ಅಂದರೆ ಮರ್ಸಿ ಇದ್ದಾಗ ಈ ವಿಷಯದಲ್ಲಿ ನಗರದವರಿಗಿಂತ ಸುಖವಾಗಿದ್ದ ಫೋರ್ಟ್ ಸ್ಕಾಟ್, ಒಂದೇ ತಿಂಗಳಲ್ಲಿ ಗ್ರಾಮೀಣ ಸರಾಸರಿಯನ್ನೂ ಮೀರಿ ಹಿಂದೆ ಬಿತ್ತು.

ಪಿಟ್ಸ್‌ಬರ್ಗ್ ಕೇವಲ 48 ಕಿಲೋಮೀಟರ್ ದೂರದಲ್ಲಿದ್ದು, ಅಲ್ಲಿ ದೊಡ್ಡ ಆಸ್ಪತ್ರೆಯೇ ಇರುವಾಗ ಶನೂಟ್‌ಗೆ ಏಕೆ ಹೋಗಬೇಕಿತ್ತು ಎಂಬ ಪ್ರಶ್ನೆ ಸಹಜ. ನಕ್ಷೆಯನ್ನು ನೋಡಿ ಯೋಜನೆ ಮಾಡುವವರು ಕೇಳುವ ಪ್ರಶ್ನೆಯೂ ಇದೇ. ಉತ್ತರ ನಕ್ಷೆಯಲ್ಲಿಲ್ಲ. ಕ್ಯಾನ್ಸರ್ ರೋಗಿಯ ಚಿಕಿತ್ಸೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಒಬ್ಬ ವೈದ್ಯರ ತಿಳಿವಳಿಕೆಯ ಮೇಲೆ ನಿಂತಿರುತ್ತದೆ: ಯಾವ ಔಷಧಕ್ಕೆ ಕೈಬೆರಳು ಜೋಮು ಹಿಡಿದಿತ್ತು, ಯಾವ ಸುತ್ತಿನಲ್ಲಿ ಪ್ರಮಾಣ ತಗ್ಗಿಸಲಾಯಿತು, ಎಷ್ಟರವರೆಗೆ ಹೋಗಲು ರೋಗಿ ಸಿದ್ಧರಿದ್ದಾರೆ. ವೈದ್ಯರನ್ನು ಬದಲಿಸಿದರೆ ಈ ಲೆಕ್ಕವನ್ನೆಲ್ಲ ಮೊದಲಿನಿಂದ ತೆರೆಯಬೇಕು. ಹೊಸ ಸಂಸ್ಥೆ ತಮ್ಮ ವಿಮೆಯನ್ನು ಒಪ್ಪುತ್ತದೆಯೇ ಎಂದು ವಿಚಾರಿಸಬೇಕು. ಔಷಧಕ್ಕೆ ವಿಮೆಯವರ ಪೂರ್ವಾನುಮತಿಯನ್ನು ಮತ್ತೆ ಪಡೆಯಬೇಕಾಗಬಹುದು. ಚಿಕಿತ್ಸೆಯ ನಡುವಿನಲ್ಲಿರುವವರು ಹತ್ತಿರದ ಅಪರಿಚಿತರಿಗಿಂತ ದೂರದ ಪರಿಚಿತರನ್ನು ಆರಿಸಿಕೊಂಡರೆ ಅದರಲ್ಲಿ ಆಶ್ಚರ್ಯವಿಲ್ಲ.

ಉಳಿದದ್ದು ಬಂತು, ಇದು ಬರಲಿಲ್ಲ: ಏಕೆ?

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ತಿರುಳು ಇಲ್ಲಿದೆ. ತುರ್ತು ಚಿಕಿತ್ಸೆಯನ್ನು ಒಬ್ಬರು ವಹಿಸಿಕೊಂಡರು, ಕ್ಲಿನಿಕ್ಕನ್ನು ಇನ್ನೊಬ್ಬರು ವಹಿಸಿಕೊಂಡರು. ಕೀಮೋಥೆರಪಿಯನ್ನು ವಹಿಸಿಕೊಳ್ಳಲು ಯಾರೂ ಬರಲಿಲ್ಲ. ಇದನ್ನು ಯಾರೋ ಒಬ್ಬರ ನಿರ್ದಯತೆಯೆಂದು ಓದುವುದು ಸುಲಭ, ಆದರೆ ಅದು ಸರಿಯಲ್ಲ; ಹಣ ಹರಿಯುವ ಕಾಲುವೆಗಳನ್ನು ನೋಡಿದರೆ ಬೇರೆ ಉತ್ತರ ಸಿಗುತ್ತದೆ.

ಅಮೆರಿಕದಲ್ಲಿ ಡ್ರಿಪ್ ಅಥವಾ ಚುಚ್ಚುಮದ್ದಿನ ಮೂಲಕ ಕೊಡುವ ಕ್ಯಾನ್ಸರ್ ಔಷಧವನ್ನು ರೋಗಿ ಅಂಗಡಿಯಿಂದ ಕೊಂಡು ತರುವುದಿಲ್ಲ. ಚಿಕಿತ್ಸೆ ಕೊಡುವ ಸಂಸ್ಥೆಯೇ ಮೊದಲು ತನ್ನ ಹಣ ಹಾಕಿ ಔಷಧವನ್ನು ಖರೀದಿಸಿ, ರೋಗಿಗೆ ಕೊಟ್ಟ ಮೇಲೆ ವಿಮೆಗೆ ಬಿಲ್ಲು ಕಳುಹಿಸುತ್ತದೆ. 2003ರ ಕಾನೂನಿನ ಪರಿಣಾಮವಾಗಿ 2005ರಿಂದ ಮೆಡಿಕೇರ್ ಇದಕ್ಕೆ ಔಷಧದ ಸರಾಸರಿ ಮಾರಾಟ ಬೆಲೆಯ ಮೇಲೆ ಶೇಕಡಾ 6ರಷ್ಟನ್ನು ಸೇರಿಸಿ ಕೊಡುತ್ತದೆ. 2013ರ ಕಡಿತದ ಬಳಿಕ ಆ 6 ನಿಜದಲ್ಲಿ 4.3ಕ್ಕೆ ಇಳಿಯಿತು. ಒಂದು ಡೋಸಿಗೆ ಸಾವಿರಾರು ಡಾಲರ್ ಬೆಲೆಯ ಔಷಧವನ್ನು ಕೊಂಡಿಟ್ಟು, ರೋಗಿಗೆ ಅಂದು ರಕ್ತಕಣ ಕಡಿಮೆಯೆಂದು ಕೊಡಲಾಗದೆ ಹೋಗಿ, ಔಷಧ ಕೆಟ್ಟುಹೋದರೆ ಆ ಸಣ್ಣ ಅಂಚಿನ ಲಾಭ ನಷ್ಟವಾಗುತ್ತದೆ. ನೂರಾರು ರೋಗಿಗಳ ಕೇಂದ್ರ ಇದನ್ನು ತಡೆದುಕೊಳ್ಳುತ್ತದೆ, ಬೆರಳೆಣಿಕೆಯ ರೋಗಿಗಳ ಕೇಂದ್ರ ತಡೆದುಕೊಳ್ಳುವುದಿಲ್ಲ. ಈ ಅಪಾಯವನ್ನು ತಗ್ಗಿಸುವುದು 1992ರಲ್ಲಿ ಜಾರಿಗೆ ಬಂದ, '340ಬಿ' ಎಂದು ಕರೆಯುವ ರಿಯಾಯಿತಿ ಯೋಜನೆ. ಅದರಡಿ ಕೆಲವು ಬಗೆಯ ಆಸ್ಪತ್ರೆಗಳು ಔಷಧವನ್ನು ಬಹಳ ಕಡಿಮೆ ಬೆಲೆಗೆ ಕೊಂಡು, ಪೂರ್ಣ ದರದಲ್ಲಿ ಬಿಲ್ಲು ಮಾಡಿ, ವ್ಯತ್ಯಾಸವನ್ನು ಇಟ್ಟುಕೊಳ್ಳಬಹುದು. 2010ರ ಆರೋಗ್ಯ ಕಾನೂನು ಈ ಸೌಲಭ್ಯವನ್ನು ಇನ್ನೂ ಹಲವು ಬಗೆಯ ಗ್ರಾಮೀಣ ಆಸ್ಪತ್ರೆಗಳಿಗೆ ವಿಸ್ತರಿಸಿತು. ಅನೇಕ ಸಣ್ಣ ಊರುಗಳಲ್ಲಿ ಕೀಮೋ ಕುರ್ಚಿಗಳು ಉಳಿದಿರುವುದು ಈ ವ್ಯತ್ಯಾಸದ ಹಣದ ಮೇಲೆ. ಆದರೆ ಆಸ್ಪತ್ರೆಯೇ ಇಲ್ಲವಾದಾಗ ಈ ದಾರಿಯೂ ಮುಚ್ಚುತ್ತದೆ.

ಹಾಗಾದರೆ ಕ್ಲಿನಿಕ್ಕುಗಳನ್ನು ವಹಿಸಿಕೊಂಡ ಸಮುದಾಯ ಆರೋಗ್ಯ ಕೇಂದ್ರವೇ ಕೀಮೋವನ್ನೂ ಏಕೆ ವಹಿಸಿಕೊಳ್ಳಬಾರದಿತ್ತು? ಇಂಥ ಕೇಂದ್ರಗಳಿಗೂ 340ಬಿ ರಿಯಾಯಿತಿ ಉಂಟು. ತೊಡಕು ಇನ್ನೊಂದೆಡೆ ಇದೆ: ಮೆಡಿಕೇರ್ ಈ ಕೇಂದ್ರಗಳಿಗೆ ಪ್ರತಿ ಭೇಟಿಗೆ ಇಷ್ಟೆಂದು ಒಂದು ಗೊತ್ತಾದ ಮೊತ್ತ ಕೊಡುತ್ತದೆ. 2019ರಲ್ಲಿ ಅದರ ಮೂಲ ದರ ಸುಮಾರು 170 ಡಾಲರ್. ಆ ಭೇಟಿಯಲ್ಲಿ ಕೊಟ್ಟ ಚುಚ್ಚುಮದ್ದಿನ ಬೆಲೆಯೂ ಸಾಮಾನ್ಯವಾಗಿ ಆ ಮೊತ್ತದಲ್ಲಿಯೇ ಅಡಕ. ಕೆಮ್ಮಿಗೆ, ಸಕ್ಕರೆ ಕಾಯಿಲೆಗೆ ಈ ಪದ್ಧತಿ ಹೇಳಿ ಮಾಡಿಸಿದಂತಿದೆ. ಸಾವಿರಾರು ಡಾಲರ್ ಔಷಧದ ಎದುರು ಅದು ನಿಲ್ಲಲಾರದು. ಊರಿನ ಹೊರರೋಗಿ ಸೇವೆಯನ್ನು ಉಳಿಸಿದ ಪಾವತಿ ವ್ಯವಸ್ಥೆಯೇ ಕ್ಯಾನ್ಸರ್ ಚಿಕಿತ್ಸೆಯನ್ನು ಅಸಾಧ್ಯವಾಗಿಸಿತು. ಎರಡಕ್ಕೂ ಒಂದೇ ಮದ್ದು ಎಂದು ತಿಳಿದು 'ಆರೋಗ್ಯ ಸೇವೆ ಮರಳಿತು' ಎನ್ನುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ತುರ್ತು ವಿಭಾಗವನ್ನು ವಹಿಸಿಕೊಂಡ ಅಸೆನ್ಷನ್‌ನವರ ಲೆಕ್ಕವೂ ಬೇರೆ. ಅವರಿಗೆ ಫೋರ್ಟ್ ಸ್ಕಾಟ್ ತಮ್ಮ ಪಿಟ್ಸ್‌ಬರ್ಗ್ ಆಸ್ಪತ್ರೆಗೆ ರೋಗಿಗಳು ಬರುವ ಬಾಗಿಲು. ಗಂಭೀರ ರೋಗಿಗಳನ್ನು ಅಲ್ಲಿಗೆ ಕಳುಹಿಸಬಹುದು. ಕ್ಯಾನ್ಸರ್ ಸಂಸ್ಥೆಗೆ ಫೋರ್ಟ್ ಸ್ಕಾಟ್ ಹಾಗಿರಲಿಲ್ಲ. ಪ್ರಯೋಗಾಲಯ, ಔಷಧ ಮಿಶ್ರಣದ ಕೋಣೆ, ಓಡಿಬರುವ ವೈದ್ಯರು ಇವೆಲ್ಲವನ್ನೂ ತಾನೇ ಹೊಸದಾಗಿ ಕಟ್ಟಿಕೊಂಡರೆ ಮಾತ್ರ ಅದು ಅಲ್ಲಿ ಉಳಿಯಬಹುದಿತ್ತು; ಶನೂಟ್‌ನಲ್ಲಿ ಅವೆಲ್ಲ ಆಸ್ಪತ್ರೆಯ ಆಸರೆಯಲ್ಲಿ ಸಿದ್ಧವಾಗಿದ್ದವು.

ಜ್ವರ

ಚಿಕಿತ್ಸೆ ಪಡೆಯುವ ದಿನದ ಪ್ರಯಾಣಕ್ಕಿಂತ ಹೆಚ್ಚು ಆತಂಕಕ್ಕೆ ಕಾರಣವಾದದ್ದು ಚಿಕಿತ್ಸೆ ಇಲ್ಲದ ದಿನಗಳು. ಕೀಮೋ ಆದ ಒಂದೆರಡು ವಾರಗಳಲ್ಲಿ ಬಿಳಿ ರಕ್ತಕಣಗಳು ತಳ ಮುಟ್ಟುತ್ತವೆ. ಆ ಹೊತ್ತಿನಲ್ಲಿ 38.3 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಅದು ಬರಿಯ ಜ್ವರವಲ್ಲ. ಸೋಂಕನ್ನು ಎದುರಿಸುವ ಶಕ್ತಿಯೇ ಇಲ್ಲದ ದೇಹದಲ್ಲಿ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತು ಬರಬಹುದು. ರೋಗಿ ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ರಕ್ತನಾಳಕ್ಕೆ ಸೇರಬೇಕೆಂಬುದು ಅಮೆರಿಕದ ತಜ್ಞರ ಸಂಘಗಳ ಮಾರ್ಗಸೂಚಿ. 2019ರ ಜನವರಿಯ ಆ 18 ದಿನಗಳಲ್ಲಿ ಫೋರ್ಟ್ ಸ್ಕಾಟ್‌ನಲ್ಲಿ ಈ ಗಂಟೆಯನ್ನು ಎಣಿಸಲು ಆರಂಭಿಸುವ ಸ್ಥಳವೇ ಇರಲಿಲ್ಲ. ಡಿಸೆಂಬರ್ ಕೊನೆಯ ವಾರದಲ್ಲಿ ಕೀಮೋ ಪಡೆದವರ ರಕ್ತಕಣಗಳು ತಳ ಮುಟ್ಟುವುದು ಸರಿಯಾಗಿ ಆ ದಿನಗಳಲ್ಲಿಯೇ ಎಂಬುದನ್ನು ಲೆಕ್ಕ ಹಾಕಿದವರು ಎಷ್ಟು ಮಂದಿಯೋ.

ತುರ್ತು ವಿಭಾಗ ಮರಳಿದ ಮೇಲೆ ಮೊದಲ ಡೋಸು ಊರಿನಲ್ಲಿಯೇ ಸಿಗುವಂತಾಯಿತು. ಆದರೆ ವಾರ್ಡು ಇಲ್ಲದ್ದರಿಂದ ದಾಖಲಾಗಬೇಕಾದವರು ಆಂಬುಲೆನ್ಸಿನಲ್ಲಿ ಬೇರೆ ಊರಿಗೆ ಹೋಗಲೇಬೇಕಿತ್ತು. ಆ ಊರಿನ ವೈದ್ಯರ ಬಳಿ ಶನೂಟ್‌ನ ಕಡತ ಇರುತ್ತದೆಂಬ ಖಾತರಿಯಿಲ್ಲ. ಔಷಧ ಒಂದೂರಿನಲ್ಲಿ, ಅದರ ತೊಂದರೆ ಇನ್ನೊಂದೂರಿನಲ್ಲಿ, ದಾಖಲಾತಿ ಮೂರನೆಯದರಲ್ಲಿ. ಹಿಂದೆ ಒಂದೇ ಕಟ್ಟಡದ ಮಹಡಿಗಳ ನಡುವೆ ದಾದಿಯೊಬ್ಬರು ಫೋನಿನಲ್ಲಿ ಮುಗಿಸುತ್ತಿದ್ದ ಮಾತು ಈಗ ಮೂರು ಸಂಸ್ಥೆಗಳ ನಡುವಿನ ವ್ಯವಹಾರ.

ರೋಗ ಪತ್ತೆಯ ಹಂತದ ನಷ್ಟ ಇಷ್ಟು ಕಣ್ಣಿಗೆ ಹೊಡೆಯುವುದಿಲ್ಲ, ಆದರೆ ಹೆಚ್ಚು ಕಾಲ ಉಳಿಯುತ್ತದೆ. ಕರುಳಿನ ಒಳನೋಟ ಪರೀಕ್ಷೆಗೆ, ಗಡ್ಡೆಯಿಂದ ಚೂರು ತೆಗೆಯಲು ಶಸ್ತ್ರವೈದ್ಯರೂ ಅರಿವಳಿಕೆ ತಜ್ಞರೂ ಬೇಕು. ಆಸ್ಪತ್ರೆ ಮುಚ್ಚಿದಾಗ ಊರು ಬಿಡುವವರಲ್ಲಿ ಇವರು ಮೊದಲಿಗರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ ಗ್ರಾಮೀಣ ಪ್ರದೇಶದಲ್ಲಿ ಹೊಸದಾಗಿ ಕ್ಯಾನ್ಸರ್ ಬರುವ ಪ್ರಮಾಣ ನಗರಕ್ಕಿಂತ ತುಸು ಕಡಿಮೆ. ಅದರಿಂದ ಸಾಯುವ ಪ್ರಮಾಣ ಮಾತ್ರ ಹೆಚ್ಚು. ಪ್ರತಿ ಒಂದು ಲಕ್ಷ ಜನಕ್ಕೆ ನಗರಗಳಲ್ಲಿ 158 ಸಾವು, ಗ್ರಾಮೀಣ ಪ್ರದೇಶದಲ್ಲಿ 180. ಕಡಿಮೆ ಬಂದು ಹೆಚ್ಚು ಕೊಲ್ಲುವ ರೋಗವೆಂದರೆ ತಡವಾಗಿ ಪತ್ತೆಯಾಗುವುದು, ಚಿಕಿತ್ಸೆ ಪೂರ್ಣಗೊಳ್ಳದೆ ಉಳಿಯುವುದು ಇವುಗಳ ಕಡೆಗೆ ಬೆರಳು ತೋರಿಸುತ್ತದೆ. ಫೋರ್ಟ್ ಸ್ಕಾಟ್ ಒಂದರ ಅಂಕಿಗಳಿಂದ ಐದು ವರ್ಷಗಳಲ್ಲಿ ಇಂಥ ತೀರ್ಮಾನಕ್ಕೆ ಬರಲಾಗದು. ಊರು ಅಷ್ಟು ಸಣ್ಣದು.

ಪರಿಹಾರಗಳೆಂದು ಹೇಳಲಾದವು

ದೂರಸಂಪರ್ಕದ ಮೂಲಕ ವೈದ್ಯಕೀಯ ಸೇವೆ ಎಂಬುದು ಇಂಥ ಸಂದರ್ಭದಲ್ಲಿ ಎಲ್ಲರೂ ಮೊದಲು ಹೇಳುವ ಪರಿಹಾರ. ಇದರಲ್ಲಿ ಕಾನ್ಸಾಸ್ ಹಿಂದುಳಿದ ರಾಜ್ಯವೇನಲ್ಲ. 1990ರ ದಶಕದ ಮಧ್ಯದಲ್ಲಿಯೇ ಕಾನ್ಸಾಸ್ ವಿಶ್ವವಿದ್ಯಾಲಯದ ಕ್ಯಾನ್ಸರ್ ತಜ್ಞರು ರಾಜ್ಯದ ಪಶ್ಚಿಮ ಭಾಗದ ಹೇಸ್ ಎಂಬ ಊರಿನ ರೋಗಿಗಳನ್ನು ದೃಶ್ಯ ಸಂಪರ್ಕದ ಮೂಲಕ ನೋಡಲಾರಂಭಿಸಿದ್ದರು. ಆ ಪ್ರಯೋಗ ಯಶಸ್ವಿಯಾಯಿತು. ಆದರೆ ಅದು ಯಶಸ್ವಿಯಾದದ್ದು ಹೇಸ್‌ನಲ್ಲಿ ಆಸ್ಪತ್ರೆ ಇದ್ದುದರಿಂದ: ಪರದೆಯ ಆ ಬದಿಯಲ್ಲಿ ತಜ್ಞರಿದ್ದರೆ ಈ ಬದಿಯಲ್ಲಿ ರಕ್ತ ತೆಗೆಯುವ, ಡ್ರಿಪ್ ಹಾಕುವ, ಔಷಧ ಬೆರೆಸುವ ಜನರಿದ್ದರು. ತಜ್ಞರು ಪರದೆಯಲ್ಲಿ ಬರಬಲ್ಲರು, ಔಷಧ ಬರಲಾರದು. ಫೋರ್ಟ್ ಸ್ಕಾಟ್‌ಗೆ ಕೊರತೆಯಾದದ್ದು ಎರಡನೆಯದು.

ಮರುದಿನದ ಚುಚ್ಚುಮದ್ದಿಗಾಗಿ ಮತ್ತೆ 160 ಕಿಲೋಮೀಟರ್ ಹೋಗದಂತೆ ತಪ್ಪಿಸುವ ಸಣ್ಣ ಸಾಧನವೊಂದು ಆ ಹೊತ್ತಿಗೆ ಬಳಕೆಗೆ ಬಂದಿತ್ತು. ಚರ್ಮಕ್ಕೆ ಅಂಟಿಸಿ ಕಳುಹಿಸಿದರೆ ಅದು ಮರುದಿನ ತಾನೇ ಔಷಧವನ್ನು ದೇಹಕ್ಕೆ ಸೇರಿಸುತ್ತದೆ. ಗುಳಿಗೆಯ ರೂಪದ ಕ್ಯಾನ್ಸರ್ ಔಷಧಗಳೂ ಹೆಚ್ಚುತ್ತಿವೆ. ದೊಡ್ಡ ಯೋಜನೆಗಳಿಗಿಂತ ಇಂಥ ಸಣ್ಣ ಬದಲಾವಣೆಗಳೇ ಗ್ರಾಮೀಣ ರೋಗಿಗೆ ಹೆಚ್ಚು ನೆರವಾಗಿವೆ ಎಂದು ನನಗನಿಸುತ್ತದೆ. ಆದರೂ ಗುಳಿಗೆಯ ವೆಚ್ಚ ಮೆಡಿಕೇರ್‌ನ ಬೇರೆ ವಿಭಾಗಕ್ಕೆ ಸೇರುವುದರಿಂದ ರೋಗಿಯ ಜೇಬಿನಿಂದ ಹೋಗುವ ಹಣದ ಲೆಕ್ಕವೂ ಬೇರೆಯಾಗುತ್ತದೆ.

ಕಾನೂನಿನ ಮಟ್ಟದಲ್ಲಿ ಬಂದ ಉತ್ತರ 'ಗ್ರಾಮೀಣ ತುರ್ತು ಆಸ್ಪತ್ರೆ' ಎಂಬ ಹೊಸ ವರ್ಗ. 2020ರ ಕೊನೆಯಲ್ಲಿ ಅಂಗೀಕಾರವಾಗಿ 2023ರ ಜನವರಿಯಲ್ಲಿ ಜಾರಿಗೆ ಬಂದ ಇದರಡಿ, ಸಣ್ಣ ಆಸ್ಪತ್ರೆಯೊಂದು ಒಳರೋಗಿ ವಾರ್ಡನ್ನು ಬಿಟ್ಟುಕೊಟ್ಟು ತುರ್ತು ಮತ್ತು ಹೊರರೋಗಿ ಸೇವೆಯನ್ನು ಮಾತ್ರ ಇಟ್ಟುಕೊಂಡರೆ ಮೆಡಿಕೇರ್ ಪ್ರತಿ ತಿಂಗಳು ಗೊತ್ತಾದ ಮೊತ್ತವನ್ನೂ ಹೊರರೋಗಿ ಸೇವೆಗೆ ಶೇಕಡಾ 5ರಷ್ಟು ಹೆಚ್ಚನ್ನೂ ಕೊಡುತ್ತದೆ. ಫೋರ್ಟ್ ಸ್ಕಾಟ್‌ನಂಥ ಊರಿಗೆಂದೇ ಬರೆದಂತಿದೆ. ಆದರೆ ಅದಕ್ಕೆ ಅರ್ಹವಾಗಲು ಆ ಆಸ್ಪತ್ರೆ 2020ರ ಡಿಸೆಂಬರ್ 27ರಂದು ನಡೆಯುತ್ತಿರಬೇಕಿತ್ತು. ಮರ್ಸಿ ಮುಚ್ಚಿ ಆಗ ಎರಡು ವರ್ಷವಾಗುತ್ತ ಬಂದಿತ್ತು. ಒಂದು ವೇಳೆ ಅರ್ಹವಾಗಿದ್ದರೂ ಕ್ಯಾನ್ಸರ್ ರೋಗಿಗಳಿಗೆ ಹೆಚ್ಚೇನೂ ಸಿಗುತ್ತಿರಲಿಲ್ಲ, ಏಕೆಂದರೆ ಈ ಹೊಸ ವರ್ಗದ ಆಸ್ಪತ್ರೆಗಳನ್ನು 340ಬಿ ಔಷಧ ರಿಯಾಯಿತಿಗೆ ಸೇರಿಸಲೇ ಇಲ್ಲ. ಕೀಮೋ ನಡೆಸುತ್ತಿರುವ ಸಣ್ಣ ಆಸ್ಪತ್ರೆಗಳು ಈ ವರ್ಗಕ್ಕೆ ಬದಲಾಗಲು ಹಿಂಜರಿಯಲು ಇದೂ ಒಂದು ಕಾರಣ. ಆಸ್ಪತ್ರೆಯನ್ನು ಉಳಿಸುವ ಕಾನೂನನ್ನು ಬರೆಯುವಾಗಲೂ ಕ್ಯಾನ್ಸರ್ ಚಿಕಿತ್ಸೆ ಲೆಕ್ಕಕ್ಕೆ ಬಾರದೆ ಉಳಿಯಿತು.

ಸ್ಥಳೀಯ ಆಡಳಿತ ಕೈಕಟ್ಟಿ ಕುಳಿತಿರಲಿಲ್ಲ. ಆಸ್ಪತ್ರೆಯನ್ನು ಮತ್ತೆ ತೆರೆಯಬಹುದೇ ಎಂದು ಅಧ್ಯಯನ ಮಾಡಲು ಖಾಸಗಿ ಕಂಪನಿಯೊಂದಕ್ಕೆ ಒಪ್ಪಿಸಿತು. ಅದೇ ಕಂಪನಿ ನಡೆಸುತ್ತಿದ್ದ ಮಿಸೌರಿಯ ಎರಡು ಗ್ರಾಮೀಣ ಆಸ್ಪತ್ರೆಗಳು 2022ರಲ್ಲಿ ಸೇವೆ ನಿಲ್ಲಿಸಿದವು.

2023ರ ಡಿಸೆಂಬರಿನಲ್ಲಿ ಅಸೆನ್ಷನ್ ಕೂಡ ಫೋರ್ಟ್ ಸ್ಕಾಟ್‌ನ ತುರ್ತು ವಿಭಾಗವನ್ನು ಮುಚ್ಚಿತು. ಐದು ವರ್ಷಗಳ ಹಿಂದೆ 18 ದಿನಗಳ ಕಾಲ ಇದ್ದ ಸ್ಥಿತಿ ಮರಳಿತು. ಈ ಬಾರಿ ಅದನ್ನು ತುಂಬಲು ಮರುವಾರವೇ ಬರುವವರು ಯಾರೂ ಇರಲಿಲ್ಲ. ಶನೂಟ್‌ನಲ್ಲಿ ಕೀಮೋ ಪಡೆದು ಮನೆಗೆ ಬಂದ ರೋಗಿಯ ಮೈ ಹತ್ತನೆಯ ದಿನದ ರಾತ್ರಿ ಬಿಸಿಯೇರಿದರೆ, ಮನೆಯವರು ಕಾರು ತೆಗೆದು ಪೂರ್ವಕ್ಕೆ ಗಡಿ ದಾಟಿ ಸುಮಾರು 30 ಕಿಲೋಮೀಟರ್ ದೂರದ ಮಿಸೌರಿಯ ನೆವಾಡ ಊರಿಗೆ ಹೋಗಬೇಕೋ, ದಕ್ಷಿಣಕ್ಕೆ 48 ಕಿಲೋಮೀಟರ್ ದೂರದ ಪಿಟ್ಸ್‌ಬರ್ಗ್‌ಗೆ ಹೋಗಬೇಕೋ ಎಂದು ಹೊಸ್ತಿಲಲ್ಲಿ ನಿಂತು ತೀರ್ಮಾನಿಸಬೇಕಾಯಿತು.